ಕೆನ್ನೆಗೇರಿದ ಕೆಂಪು

ಇಂಗ್ಲಿಷಿನ ‘ಬ್ಲಷ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ‘ಕೆನ್ನೆ ಕೆಂಪೇರಿತು’ ಎಂದರೆ ಕಣ್ಣಿಗೆ ಕಂಡದ್ದು. ‘ನಾಚಿದಳು’ ಎಂದರೆ ಅದರ ಕಾರಣ. ಕೆಂಪೇರುವ ಜಾಗವೂ ಮುಖ್ಯ: ಕೆನ್ನೆ ಕೆಂಪಾದರೆ ನಾಚಿಕೆ, ಕಣ್ಣು ಕೆಂಪಾದರೆ ಕೋಪ.

ನಾಚಿಕೆಯ ಬೇರು ಹಳಗನ್ನಡದ ‘ನಾಣ್’. ತಮಿಳಿನಲ್ಲೂ ಅದೇ ಮಾತಿದೆ. ಜೊತೆಗೆ ‘ಸಿಗ್ಗು’ ಇದೆ. ಲಜ್ಜೆ, ವ್ರೀಡೆ, ತ್ರಪೆ ಸಂಸ್ಕೃತದಿಂದ ಬಂದವು. ಅಮರಕೋಶ ಇದೇ ಸಾಲಿಗೆ ‘ಮಂದಾಕ್ಷ’ವನ್ನು ಸೇರಿಸುತ್ತದೆ, ಅಂದರೆ ಕೆನ್ನೆಯ ಬದಲು ಬಾಗಿದ ಕಣ್ಣೇ ಲಜ್ಜೆಯ ಗುರುತು. ಪರರ ದೆಸೆಯಿಂದಾಗುವ ಲಜ್ಜೆಗೆ ಅದು ‘ಅಪತ್ರಪೆ’ ಎಂಬ ಬೇರೆ ಹೆಸರನ್ನೇ ಕೊಟ್ಟಿದೆ. ಇತರರು ತಮ್ಮ ಬಗ್ಗೆ ಏನೆಣಿಸುತ್ತಾರೋ ಎಂಬ ಯೋಚನೆಯೇ ಮುಖ ಕೆಂಪೇರಿಸುತ್ತದೆ ಎಂದು 1872ರಲ್ಲಿ ಡಾರ್ವಿನ್ ಬರೆದ.

ತರೀಕೆರೆ ಕಡೆಯ ತೋಟಗಳಲ್ಲಿ ಹಬ್ಬುವ, ಮುಟ್ಟಿದೊಡನೆ ಎಲೆ ಮುಚ್ಚುವ ಗಿಡಕ್ಕೆ ಎರಡು ಹೆಸರು: ‘ನಾಚಿಕೆ ಮುಳ್ಳು’ ಮತ್ತು ‘ಮುಟ್ಟಿದರೆ ಮುನಿ’. ಒಂದು ಹೆಸರಿನಲ್ಲಿ ಅದು ನಾಚುತ್ತದೆ, ಇನ್ನೊಂದರಲ್ಲಿ ಮುನಿಯುತ್ತದೆ.

ನಾಚಿಕೆ ಹೆಣ್ಣಿಗೆ ಭೂಷಣ ಎನ್ನುವವರು ಒಂದನ್ನು ಮರೆಯುತ್ತಾರೆ. ‘ನಾಚಿಕೆಗೆಟ್ಟವರು’ ಎಂಬ ಬೈಗುಳಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ತಪ್ಪು ಮಾಡಿದಾಗ ಕೆಂಪೇರದ ಕೆನ್ನೆ ಯಾರದಾದರೂ ಕನ್ನಡ ಅದನ್ನು ಮೆಚ್ಚಿಲ್ಲ.