ನಕ್ಷೆಯ ದೂರ, ಪ್ರಯಾಣದ ಕಾಲ

ದಾಂಡೇಲಿಯಿಂದ ಕಾರವಾರ ನೇರ ರೇಖೆಯಲ್ಲಿ ಸುಮಾರು 70 ಕಿ.ಮೀ.; ಘಟ್ಟದ ರಸ್ತೆಯಲ್ಲಿ ಅದು 100 ದಾಟುತ್ತದೆ. ವಿಮಾನಕ್ಕೆ ತಿರುವುಗಳಿಲ್ಲ. ಹಾಗಾದರೆ ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ಸಿಗಬೇಕಲ್ಲವೆ?

ಲಕ್ಷದ್ವೀಪದ ಅಗತ್ತಿ 72.2° ಪೂರ್ವ ರೇಖಾಂಶದಲ್ಲಿದೆ. ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) 92.7° ಪೂರ್ವದಲ್ಲಿದೆ. ಎರಡೂ 11° ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಅಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 109 ಕಿ.ಮೀ. ಆದ್ದರಿಂದ ದೂರ 20.5 × 109, ಅಂದರೆ ಸುಮಾರು 2,235 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೆ 2 ಗಂಟೆ 48 ನಿಮಿಷ ಸಾಕು.

ಆದರೆ ಅಗತ್ತಿಯ ಓಡುಪಥ ಸುಮಾರು 1,200 ಮೀಟರ್ ಮಾತ್ರ. ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. ಇಳಿಯಬಲ್ಲ ಎಟಿಆರ್ ವಿಮಾನ ಪೂರ್ಣ ಹೊರೆಯೊಂದಿಗೆ ಇಷ್ಟು ದೂರ ಒಂದೇ ಸಲಕ್ಕೆ ಹಾರಲಾರದು. ಹಾಗಾಗಿ ದ್ವೀಪವಾಸಿ ಮುಖ್ಯಭೂಮಿಯಲ್ಲಿ ವಿಮಾನ ಬದಲಿಸಿ ಕಾಯಬೇಕು. ಭಾಗಾಕಾರ ಕೊಡುವುದು ಕನಿಷ್ಠ ಕಾಲವನ್ನಷ್ಟೆ. ಗೋಳದ ಮೇಲೆ ದಾರವಿಟ್ಟು ನೀವೂ ಅಳೆದು ನೋಡಿ.