ಅಸ್ಥಿಮಜ್ಜೆ ಕಸಿ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಬೆಂಗಳೂರು: ಅಸ್ಥಿಮಜ್ಜೆ ಕಸಿ ಎಂದೊಡನೆ ದೊಡ್ಡದೊಂದು ಶಸ್ತ್ರಚಿಕಿತ್ಸೆಯ ಚಿತ್ರ ಅನೇಕರ ಮನಸ್ಸಿಗೆ ಬರುತ್ತದೆ. ವಾಸ್ತವವಾಗಿ ರೋಗಿಯ ಪಾಲಿಗೆ ಅದು ರಕ್ತ ಏರಿಸಿಕೊಂಡಂತೆಯೇ. ದಾನಿಯ ಆಕರಕೋಶಗಳು ಚೀಲದಿಂದ ರಕ್ತನಾಳ ಸೇರಲು ಕೆಲವು ಗಂಟೆಗಳು ಸಾಕು. ಕಷ್ಟವಿರುವುದು ಅದಕ್ಕೂ ಮೊದಲಿನ ತೀವ್ರ ಕಿಮೋಥೆರಪಿಯಲ್ಲಿ ಮತ್ತು ಆನಂತರದ ವರ್ಷಗಳಲ್ಲಿ.

ಈ ಚಿಕಿತ್ಸೆಗೆ ದಾರಿ ತೋರಿದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇದು ಆರಂಭವಾಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಕಸಿ ನಡೆಯುತ್ತಿದೆ. ಬದುಕುಳಿದವರ ಸಂಖ್ಯೆ ಹೆಚ್ಚಿದಂತೆಲ್ಲ ಅವರ ದೀರ್ಘಕಾಲದ ಆರೈಕೆಯ ಪ್ರಶ್ನೆಯೂ ದೊಡ್ಡದಾಗುತ್ತಿದೆ.

ನೂರು ದಿನಗಳ ಗಡುವು

ಹೊಸ ಮಜ್ಜೆ ಬೇರೂರಿ ರಕ್ತಕಣಗಳನ್ನು ತಯಾರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆ ಬಳಿಕ ಮನೆಗೆ ಕಳುಹಿಸಿದರೂ ಮೊದಲ 100 ದಿನ ಆಸ್ಪತ್ರೆಯ ಸಮೀಪದಲ್ಲೇ ಇರುವಂತೆ ವೈದ್ಯರು ಸೂಚಿಸುತ್ತಾರೆ. ದೂರದ ಜಿಲ್ಲೆಗಳಿಂದ ಬಂದ ಕುಟುಂಬಗಳು ಬಾಡಿಗೆ ಕೋಣೆ ಹಿಡಿಯುವುದು ಇದಕ್ಕಾಗಿಯೇ.

ನೂರನೇ ದಿನ ಕಳೆದೊಡನೆ ಗುಣವಾಯಿತೆಂದು ಭಾವಿಸುವುದು ತಪ್ಪು. ಬಿಳಿರಕ್ತಕಣಗಳ ಎಣಿಕೆ ಸರಿಯಾಗಿದ್ದರೂ ರೋಗನಿರೋಧಕ ಶಕ್ತಿ ಪೂರ್ಣವಾಗಿ ಮರಳಲು ಒಂದೆರಡು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹೀಗಾಗಿ ಜ್ವರ 38 ಡಿಗ್ರಿ ಸೆಲ್ಷಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಇಂಥವರಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ಊರಿನ ವೈದ್ಯರ ಬಳಿಗೆ ಧಾವಿಸಿದರೂ ಸರಿಯೇ. ಕಸಿಯ ವಿವರ, ಔಷಧಗಳ ಪಟ್ಟಿ ಮತ್ತು ಕಸಿ ಕೇಂದ್ರದ ದೂರವಾಣಿ ಸಂಖ್ಯೆ ಜೇಬಿನಲ್ಲಿರಬೇಕು.

ದಾನಿಯ ಕೋಶಗಳೇ ಮುನಿದಾಗ

ಇತರ ಅಂಗಗಳ ಕಸಿಯಲ್ಲಿ ದೇಹವು ಹೊಸ ಅಂಗವನ್ನು ತಿರಸ್ಕರಿಸುವ ಭಯ. ಇಲ್ಲಿ ಅದು ತಿರುವುಮುರುವು: ದಾನಿಯ ಕೋಶಗಳೇ ರೋಗಿಯ ದೇಹವನ್ನು ಪರಕೀಯವೆಂದು ಬಗೆದು ದಾಳಿ ಮಾಡಬಹುದು. ಆರಂಭದಲ್ಲಿ ಚರ್ಮದ ಮೇಲೆ ಗಂಧೆ, ಭೇದಿ, ಕಾಮಾಲೆಯ ರೂಪದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ತಿಂಗಳುಗಳ ನಂತರ ಬರುವ ದೀರ್ಘಕಾಲಿಕ ರೂಪ ಹೆಚ್ಚು ಮೋಸದ್ದು. ಕಣ್ಣು ಒಣಗಿ ಮರಳು ಬಿದ್ದಂತಾಗುತ್ತದೆ, ಬಾಯಿ ಹುಣ್ಣಾಗಿ ಎಂದಿನ ಸಾರೂ ಖಾರವೆನಿಸುತ್ತದೆ, ಚರ್ಮ ಬಿಗಿಯುತ್ತದೆ. ಇವನ್ನು ಹವೆಯ ದೋಷವೆಂದು ತಳ್ಳಿಹಾಕುವವರೇ ಬಹಳ. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರಂತೂ ಶ್ವಾಸಕೋಶದ ಪರೀಕ್ಷೆಯನ್ನು ಮುಂದೂಡಬಾರದು. ಅಲ್ಲಿ ಆದ ಹಾನಿ ಸಾಮಾನ್ಯವಾಗಿ ಮರಳಿ ಸರಿಹೋಗುವುದಿಲ್ಲ.

ಈ ದಾಳಿಯನ್ನು ತಡೆಯಲು ನೀಡುವ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ಔಷಧಗಳ ಪ್ರಮಾಣ ರಕ್ತದಲ್ಲಿ ಹೆಚ್ಚಿದರೆ ಮೂತ್ರಪಿಂಡಕ್ಕೆ ಪೆಟ್ಟು, ತಗ್ಗಿದರೆ ದಾಳಿಗೆ ಆಹ್ವಾನ. ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ನಂತರವೇ ನುಂಗಬೇಕು. ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ದೇವನಹಳ್ಳಿಯ ಹೆಸರಾಂತ ಚಕ್ಕೋತವನ್ನೂ ಇವರು ದೂರವಿಡಬೇಕು; ಅದು ಈ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಒಳ್ಳೆಯದೆಂದು ನೆಂಟರು ತಂದುಕೊಡುವ ಗಿಡಮೂಲಿಕೆ ಚೂರ್ಣಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಮೊಳಕೆ ಕಾಳು, ರಸ್ತೆ ಬದಿಯ ಪಾನಿಪುರಿ, ಕಟ್ಟಡ ಕಾಮಗಾರಿಯ ಧೂಳು, ಗೊಬ್ಬರದ ಮಣ್ಣು ಇವೆಲ್ಲ ಸೋಂಕಿನ ಮೂಲಗಳೇ.

ಮತ್ತೆ ಮಗುವಿನ ಲಸಿಕೆ

ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆ ಹಳೆಯ ಮಜ್ಜೆಯೊಂದಿಗೆ ಬಹುಮಟ್ಟಿಗೆ ಹೋಗಿಬಿಡುತ್ತದೆ. ನಲವತ್ತರ ಗೃಹಸ್ಥನೂ ಧನುರ್ವಾಯು, ಗಂಟಲಮಾರಿ, ಪೋಲಿಯೊ ಲಸಿಕೆಗಳನ್ನು ಹೊಸದಾಗಿ ಪಡೆಯಬೇಕು. ನಿಷ್ಕ್ರಿಯ ಲಸಿಕೆಗಳು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ ಶುರುವಾಗುತ್ತವೆ. ದಡಾರದಂಥ ಜೀವಂತ ಲಸಿಕೆಗೆ ಕನಿಷ್ಠ ಎರಡು ವರ್ಷ ಕಾಯಬೇಕು, ಅದೂ ನಿರೋಧಕ ಶಕ್ತಿ ತಗ್ಗಿಸುವ ಔಷಧ ನಿಂತಿದ್ದರೆ ಮಾತ್ರ. ಮನೆಯಲ್ಲಿ ಪುಟ್ಟ ಮಗುವಿದ್ದು ಪೋಲಿಯೊ ಹನಿ ಹಾಕಿಸುವ ಸಂದರ್ಭ ಬಂದರೆ ಮೊದಲು ಕಸಿ ವೈದ್ಯರಿಗೆ ತಿಳಿಸಬೇಕು. ಹನಿಯ ಬದಲು ಚುಚ್ಚುಮದ್ದು ಸುರಕ್ಷಿತ.

ಇನ್ನೊಂದು ವಿಚಿತ್ರ: ದಾನಿಯ ರಕ್ತದ ಗುಂಪು ಬೇರೆಯಿದ್ದರೆ ಕ್ರಮೇಣ ರೋಗಿಯ ಗುಂಪೇ ಬದಲಾಗುತ್ತದೆ. ಚಾಲನಾ ಪರವಾನಗಿಯಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ! ತುರ್ತಿನಲ್ಲಿ ಅದನ್ನು ನಂಬುವಂತಿಲ್ಲ.

ವರ್ಷಗಳ ನಂತರ

ರಕ್ತದ ಕ್ಯಾನ್ಸರ್ ಮರುಕಳಿಸುವುದಾದರೆ ಬಹುತೇಕ ಮೊದಲ ಎರಡು ವರ್ಷಗಳಲ್ಲಿ. ಅದು ದಾಟಿದ ಮೇಲೆ ತಪಾಸಣೆ ಬಿಡುವವರು ಅನೇಕ. ಆದರೆ ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಕುಗ್ಗುವುದು, ಕಣ್ಣಿನ ಪೊರೆ, ಸ್ಟೀರಾಯ್ಡ್ ಸೇವಿಸಿದವರಲ್ಲಿ ಮೂಳೆ ಸವೆತ, ಸೊಂಟದ ಕೀಲಿನ ನೋವು ತಡವಾಗಿಯೇ ತಲೆದೋರುತ್ತವೆ. ಚರ್ಮ ಮತ್ತು ಬಾಯಿಯ ಕ್ಯಾನ್ಸರ್ ಅಪಾಯ ಸಾಮಾನ್ಯರಿಗಿಂತ ಹೆಚ್ಚು. ತಂಬಾಕು ಸಂಪೂರ್ಣ ವರ್ಜ್ಯ. ವರ್ಷಕ್ಕೊಮ್ಮೆ ತಪಾಸಣೆ ಜೀವನಪರ್ಯಂತ ಅಗತ್ಯ.

ಸಂತಾನಶಕ್ತಿ ಕುಂದುವ ವಿಷಯವನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಮದುವೆಯ ಮಾತುಕತೆ ಬಂದಾಗಲೇ ಅದು ಹೊರಬೀಳುತ್ತದೆ. ವೀರ್ಯ ಅಥವಾ ಅಂಡಾಣು ಕಾದಿಡುವ ಸೌಲಭ್ಯದ ಬಗ್ಗೆ ಕಸಿಗೆ ಮುನ್ನವೇ ಕೇಳಬೇಕು, ನಂತರ ಕೇಳಿ ಪ್ರಯೋಜನ ಕಡಿಮೆ.

ಥಲಸ್ಸೀಮಿಯಾ ಮಕ್ಕಳ ಕಸಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆಯಡಿ 10 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಈ ಮಕ್ಕಳ ಮುಂದಿನ ಆರೈಕೆಯಲ್ಲೊಂದು ವಿಶೇಷವಿದೆ. ವರ್ಷಗಟ್ಟಲೆ ಪಡೆದ ರಕ್ತದಿಂದಾಗಿ ಅವರ ಯಕೃತ್ತು, ಹೃದಯಗಳಲ್ಲಿ ಕಬ್ಬಿಣಾಂಶ ಶೇಖರವಾಗಿರುತ್ತದೆ. ಕಸಿ ಯಶಸ್ವಿಯಾದ ಬಳಿಕ ಅದನ್ನು ತಗ್ಗಿಸಲು, ತಿಂಗಳು ತಿಂಗಳೂ ರಕ್ತ ಏರಿಸಿಕೊಳ್ಳುತ್ತಿದ್ದ ಅದೇ ಮಗುವಿನಿಂದ ಕೆಲವು ವಾರಗಳಿಗೊಮ್ಮೆ ರಕ್ತ ತೆಗೆಯಲಾಗುತ್ತದೆ.