ಊಟದ ಮೇಜು: ಅಳತೆ, ಅತಿಥಿ ಮತ್ತು ಲೆಕ್ಕ

ವ್ಯಾಪಾರಸ್ಥರ ಮನೆಯಲ್ಲಿ ಅತಿಥಿ ಸತ್ಕಾರವು ವ್ಯವಹಾರದಿಂದ ಪೂರ್ತಿ ಬೇರೆಯಾದುದಲ್ಲ. ಆಯುಧಪೂಜೆಯ ದಿನ ಅಂಗಡಿಯ ಸಿಬ್ಬಂದಿ ಮನೆಗೆ ಬರುತ್ತಾರೆ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮುಗಿಸಿ ಹೊಸ ಖಾತೆ ತೆರೆದ ಮೇಲೆ ಸಗಟು ವರ್ತಕರು, ಬಂಧುಗಳು ಊಟಕ್ಕೆ ಕೂಡುತ್ತಾರೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬ, ರಂಜಾನ್ ತಿಂಗಳ ಇಫ್ತಾರ್, ಹಲಸೂರಿನ ಮನೆಗಳ ಪೊಂಗಲ್ ಹೀಗೆ ನಗರದ ಪೂರ್ವಭಾಗದಲ್ಲಿ ಕೂಟಗಳಿಗೆ ಕೊರತೆಯಿಲ್ಲ. ಇಂತಹ ಒಂದು ಕೂಟ ಸಮೀಪಿಸಿದಾಗಲೇ ಅನೇಕರಿಗೆ ಮನೆಯ ಊಟದ ಮೇಜು ಚಿಕ್ಕದೆನಿಸುತ್ತದೆ. ಅವಸರದಲ್ಲಿ ದೊಡ್ಡದೊಂದನ್ನು ಕೊಳ್ಳುತ್ತಾರೆ.

ಈ ತಪ್ಪನ್ನು ಲೇಖಕನೂ ಮಾಡಿದ್ದಾನೆ. ಇಂದಿರಾನಗರದ ನಮ್ಮ ಮನೆಯಲ್ಲಿ ಅಡುಗೆಮನೆಗೆ ತಾಗಿದ ಊಟದ ಮೂಲೆ 8 ಅಡಿ ಉದ್ದ, 7 ಅಡಿ ಅಗಲವಿದೆ. ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬರುವರೆಂದು 6 ಅಡಿ ಉದ್ದ, 3½ ಅಡಿ ಅಗಲದ, ಎಂಟು ಜನರ ಮೇಜನ್ನು ಕೊಂಡೆ. ಆ ಒಂದು ದಿನ ಎಲ್ಲರೂ ಮೆಚ್ಚಿದರು. ಮರುದಿನದಿಂದ ಫ್ರಿಜ್‌ನ ಬಾಗಿಲು ಅರ್ಧವಷ್ಟೇ ತೆರೆಯತೊಡಗಿತು. ಊರುಗೋಲು ಹಿಡಿದು ನಡೆಯುತ್ತಿದ್ದ ನನ್ನ ತಾಯಿಯವರಿಗೆ ಗೋಡೆಗೂ ಕುರ್ಚಿಗೂ ನಡುವೆ ಹೋಗಲು ಜಾಗವಿರಲಿಲ್ಲ. ಅವರು ಯಾರಿಗೂ ಏನೂ ಹೇಳದೆ ಹಜಾರದ ಕುರ್ಚಿಯಲ್ಲಿ ತಟ್ಟೆಯನ್ನು ಮಡಿಲಿನಲ್ಲಿಟ್ಟುಕೊಂಡು ಊಟ ಮಾಡಲಾರಂಭಿಸಿದರು. ಎಂಟು ಜನರಿಗಾಗಿ ತಂದ ಮೇಜು ಮನೆಯವರಲ್ಲೇ ಒಬ್ಬರನ್ನು ಹೊರಗಿಟ್ಟಿತು. ಇದನ್ನು ಅರಿಯಲು ನನಗೆ ಕೆಲವು ತಿಂಗಳುಗಳೇ ಬೇಕಾದವು. ಕೊನೆಗೆ ಆ ಮೇಜನ್ನು ಕೊಂಡ ಬೆಲೆಯ ಕಾಲುಭಾಗಕ್ಕೂ ಕಡಿಮೆ ಹಣಕ್ಕೆ ಮಾರಬೇಕಾಯಿತು. ವಾಚಕರು ಈ ನಷ್ಟಕ್ಕೆ ಒಳಗಾಗಬಾರದೆಂಬುದೇ ಈ ಲೇಖನದ ಉದ್ದೇಶ.

ಬಂಗಲೆಯ ಮೇಜು, ಪೇಟೆಯ ಮಣೆ

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೇನಾ ಠಾಣೆ ನೆಲೆಗೊಂಡ ಮೇಲೆ ದಂಡು ಪ್ರದೇಶದ ಬಂಗಲೆಗಳಲ್ಲಿ ಊಟಕ್ಕೆಂದೇ ಪ್ರತ್ಯೇಕ ಕೋಣೆ, ಅದರ ನಡುವೆ ಉದ್ದನೆಯ ಮೇಜು ಬಳಕೆಗೆ ಬಂದವು. ಪೇಟೆಯ ಮನೆಗಳಲ್ಲಾದರೋ ಮಣೆ ಹಾಕಿ, ಬಾಳೆಲೆಯ ಮುಂದೆ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ರೂಢಿ. ಊಟವಾದ ಮೇಲೆ ನೆಲ ಒರೆಸಿದರೆ ಅದೇ ಜಾಗ ಮಲಗುವುದಕ್ಕೂ ಲೆಕ್ಕ ಬರೆಯುವುದಕ್ಕೂ ಒದಗುತ್ತಿತ್ತು. 1949ರಲ್ಲಿ ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳು ಸೇರಿ ಬೆಂಗಳೂರು ನಗರಪಾಲಿಕೆಯಾಯಿತು. ಕಾಲಕ್ರಮದಲ್ಲಿ ಊಟದ ಪದ್ಧತಿಗಳೂ ಒಂದರೊಳಗೊಂದು ಬೆರೆತವು.

ತೊಡಕು ಇಲ್ಲಿಯೇ ಇದೆ. ಬಂಗಲೆಯ ಮೇಜು ನಮ್ಮ ಮನೆಗೆ ಬಂದಿತು, ಬಂಗಲೆಯ ಊಟದ ಕೋಣೆ ಬರಲಿಲ್ಲ. 30 ಅಡಿಗೆ 40 ಅಡಿಯ ನಿವೇಶನದ ಮನೆಯಲ್ಲಾಗಲಿ, ಕೆ.ಆರ್. ಪುರದ ಕಡೆಯ ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟಿನಲ್ಲಾಗಲಿ ಊಟಕ್ಕೆ ಉಳಿಯುವುದು ಸಾಮಾನ್ಯವಾಗಿ ಅಡುಗೆಮನೆಯ ಪಕ್ಕದ ಒಂದು ಮೂಲೆ ಮಾತ್ರ. ಆದ್ದರಿಂದ ಮಳಿಗೆಯ ವಿಶಾಲ ಅಂಗಳದಲ್ಲಿ ಚೆನ್ನಾಗಿ ಕಂಡ ಮೇಜು ಮನೆಗೆ ಬಂದಾಗ ಹೊರೆಯಾಗುತ್ತದೆ.

ಯಾವ ದಿನಕ್ಕಾಗಿ ಮೇಜು?

ಗೋದಾಮನ್ನು ಬಾಡಿಗೆಗೆ ಹಿಡಿಯುವಾಗ ನಾವು ವರ್ಷದ ಅತಿ ಹೆಚ್ಚಿನ ದಾಸ್ತಾನಿಗೆ ತಕ್ಕ ಜಾಗವನ್ನು ಹಿಡಿಯುವುದಿಲ್ಲ. ಸರಾಸರಿ ದಾಸ್ತಾನಿಗೆ ಸಾಕಾಗುವಷ್ಟು ಹಿಡಿದು, ಹಬ್ಬದ ಕಾಲಕ್ಕೆ ತಾತ್ಕಾಲಿಕ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ಊಟದ ಮೇಜಿಗೂ ಇದೇ ನ್ಯಾಯ. ವರ್ಷದಲ್ಲಿ ಐದು ದಿನ ಬರುವ ಅತಿಥಿಗಳಿಗಾಗಿ 360 ದಿನ ಮನೆಯವರ ಓಡಾಟವನ್ನು ಅಡ್ಡಗಟ್ಟಬಾರದು. ಮೇಜು ದಿನನಿತ್ಯದ ಜನಸಂಖ್ಯೆಗೆ ಹೊಂದಿರಬೇಕು. ಕೂಟದ ದಿನ ಅದು ಹಿಗ್ಗುವಂತೆಯೋ, ಬಡಿಸುವ ಮೇಜಾಗಿ ಒದಗುವಂತೆಯೋ ಇರಬೇಕು.

ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸೋಣ. ದೊಡ್ಡ ಮೇಜಿನ ಬೆಲೆ ರೂ. 60,000 ಎಂದುಕೊಳ್ಳಿ. ಶೇ. 18ರ ಜಿಎಸ್‌ಟಿ ಸೇರಿ ರೂ. 70,800 ಆಗುತ್ತದೆ. ಹಿಗ್ಗಿಸಬಲ್ಲ ಚಿಕ್ಕ ಮೇಜಿನ ಬೆಲೆ ರೂ. 32,000 ಎಂದುಕೊಂಡರೆ ತೆರಿಗೆ ಸೇರಿ ರೂ. 37,760. ವ್ಯತ್ಯಾಸ ರೂ. 33,040. ಶಾಮಿಯಾನ ಅಂಗಡಿಯಿಂದ ಮೇಜು, ಕುರ್ಚಿಗಳನ್ನು ಒಂದು ಸಲಕ್ಕೆ ರೂ. 1,000ದಂತೆ ವರ್ಷಕ್ಕೆ ಐದು ಸಲ ಬಾಡಿಗೆಗೆ ತಂದರೂ ಈ ವ್ಯತ್ಯಾಸದ ಹಣ ಆರೂವರೆ ವರ್ಷಗಳಿಗೆ ಸಾಕಾಗುತ್ತದೆ. ದೊಡ್ಡ ಮೇಜು 21 ಚದರ ಅಡಿ ನೆಲವನ್ನು ಆಕ್ರಮಿಸಿದರೆ 4 ಅಡಿಗೆ 2½ ಅಡಿಯ ಚಿಕ್ಕ ಮೇಜು 10 ಚದರ ಅಡಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮನೆಯ ಬೆಲೆಯನ್ನು ಚದರ ಅಡಿಗೆ ರೂ. 8,000 ಎಂದು ಹಿಡಿದರೂ ಹೆಚ್ಚುವರಿ 11 ಚದರ ಅಡಿಯ ಬೆಲೆ ರೂ. 88,000. ಮೇಜಿನ ಬೆಲೆಗಿಂತ ಅದು ಕಟ್ಟಿಹಾಕುವ ನೆಲದ ಬೆಲೆಯೇ ಹೆಚ್ಚೆಂಬುದನ್ನು ಗಮನಿಸಬೇಕು.

ಅಳತೆಯ ಸೂತ್ರಗಳು

ಅಂಗಡಿಗೆ ಹೋಗುವ ಮುನ್ನ ಅಳತೆಯ ಟೇಪು ಹಿಡಿದು ಮನೆಯಲ್ಲಿ ಈ ಕೆಳಗಿನವನ್ನು ಬರೆದುಕೊಳ್ಳುವುದು ಒಳಿತು.

1. ಒಬ್ಬರು ಮೊಣಕೈ ತಾಗದಂತೆ ಉಣ್ಣಲು ಮೇಜಿನ ಅಂಚಿನಲ್ಲಿ ಸುಮಾರು 2 ಅಡಿ ಜಾಗ ಬೇಕು. 22 ಅಂಗುಲವಾದರೆ ಸ್ವಲ್ಪ ಇಕ್ಕಟ್ಟು, ಆದರೂ ನಡೆಯುತ್ತದೆ.

2. ಮೇಜಿನ ಎತ್ತರ 30 ಅಂಗುಲ, ಆಸನದ ಎತ್ತರ 18 ಅಂಗುಲ ಇದ್ದರೆ ಅನುಕೂಲ. ಇವೆರಡರ ಅಂತರ 10ರಿಂದ 12 ಅಂಗುಲ ಇರುವುದು ಮುಖ್ಯ. ಮೇಜು ಮತ್ತು ಕುರ್ಚಿಗಳನ್ನು ಬೇರೆ ಬೇರೆ ಕಡೆ ಕೊಳ್ಳುವವರು ಇದನ್ನು ಮರೆಯುವುದುಂಟು.

3. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಏಳಲು ಮೇಜಿನ ಅಂಚಿನಿಂದ ಗೋಡೆಗೆ 2½ ಅಡಿಯಾದರೂ ಇರಬೇಕು. ಕುಳಿತವರ ಹಿಂದೆ ಇನ್ನೊಬ್ಬರು ಪಾತ್ರೆ ಹಿಡಿದು ಓಡಾಡಬೇಕಾದರೆ 3 ಅಡಿ ಬೇಕು. ಮನೆಯಲ್ಲಿ ಊರುಗೋಲು ಬಳಸುವ ಹಿರಿಯರಿದ್ದರೆ 3 ಅಡಿಗಿಂತಲೂ ಹೆಚ್ಚಿರಲಿ.

4. ಎದುರುಬದುರಾಗಿ ಬಾಳೆಲೆ ಹಾಕಿದರೆ ಒಂದೊಂದು ಎಲೆಗೆ 15 ಅಂಗುಲದಂತೆ 2½ ಅಡಿ ಅಗಲದ ಮೇಜು ಪೂರ್ತಿ ತುಂಬುತ್ತದೆ. ನಡುವೆ ಪಾತ್ರೆ ಇಡಲು ಜಾಗವಿರದು. ಆದ್ದರಿಂದ ಎಲೆಯೂಟದ ದಿನ ನಿಂತು ಬಡಿಸುವವರ ದಾರಿಯನ್ನೂ ಲೆಕ್ಕ ಹಾಕಬೇಕು.

5. ಫ್ರಿಜ್, ಕಪಾಟು ಮತ್ತು ಅಡುಗೆಮನೆಯ ಬಾಗಿಲುಗಳು ಪೂರ್ತಿ ತೆರೆದಾಗ ಎಲ್ಲಿಗೆ ಬರುತ್ತವೆಂಬುದನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಬಳಿಕ ಮೇಜಿನ ಅಳತೆಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಒಂದು ದಿನ ಅದರ ಸುತ್ತ ಓಡಾಡಿ ನೋಡಿ.

ಈ ಸೂತ್ರಗಳನ್ನು ನಮ್ಮ 8 ಅಡಿಗೆ 7 ಅಡಿಯ ಮೂಲೆಗೆ ಅನ್ವಯಿಸೋಣ. 3½ ಅಡಿ ಅಗಲದ ಮೇಜನ್ನು ನಡುವೆ ಹಾಕಿದರೆ ಎರಡೂ ಬದಿಗೆ ಉಳಿಯುವುದು 1¾ ಅಡಿಯಷ್ಟೇ. ಕುರ್ಚಿಯಲ್ಲಿ ಕುಳಿತರೆ ಹಿಂದೆ ದಾರಿಯೇ ಇಲ್ಲ. ಬದಲಾಗಿ ಉದ್ದನೆಯ ಗೋಡೆಗೆ 1½ ಅಡಿಯ ಬೆಂಚು ಹಾಕಿ, ಅದರ ಮುಂದೆ 2½ ಅಡಿ ಅಗಲದ ಮೇಜನ್ನಿಟ್ಟರೆ ಆಚೆ ಬದಿಗೆ ಸರಿಯಾಗಿ 3 ಅಡಿ ಉಳಿಯುತ್ತದೆ. ಪ್ರತಿದಿನ ನಾಲ್ವರು ಸುಖವಾಗಿ ಕುಳಿತುಕೊಳ್ಳಬಹುದು. ಕೂಟದ ದಿನ 18 ಅಂಗುಲದ ಹೆಚ್ಚುವರಿ ಹಲಗೆಯನ್ನು ಸೇರಿಸಿದರೆ ಮೇಜು 5½ ಅಡಿಯಾಗುತ್ತದೆ. ಬೆಂಚಿನ ಮೇಲೆ ಮೂವರು, ಕುರ್ಚಿಗಳಲ್ಲಿ ಮೂವರು, ಒಟ್ಟು ಆರು ಜನ. ಮೇಜನ್ನು ಒಂದು ಕೊನೆಗೆ ಸರಿಸಿದರೆ ಇನ್ನೊಂದು ಕೊನೆಯಲ್ಲಿ ಬೆಂಚಿಗೆ ಹೋಗಲು 2½ ಅಡಿ ದಾರಿಯೂ ಸಿಗುತ್ತದೆ. ನಾವು ಈಗ ಮಾಡಿಕೊಂಡಿರುವ ವ್ಯವಸ್ಥೆ ಇದೇ. ಮೂಲೆಯು ಚೌಕಾಕಾರವಾಗಿದ್ದರೆ ನಡುವೆ ಒಂದೇ ಕಾಲಿರುವ 3½ ಅಡಿ ವ್ಯಾಸದ ದುಂಡುಮೇಜು ಹೆಚ್ಚು ಅನುಕೂಲ. ಮೂಲೆಯ ಕಾಲುಗಳು ಮೊಣಕಾಲಿಗೆ ತಾಗುವುದಿಲ್ಲ.

ಮರ ಮತ್ತು ಮೇಲ್ಮೈ

ಅಡುಗೆಮನೆಯ ಸಮೀಪದ ಮೇಜಿಗೆ ಆವಿ, ಎಣ್ಣೆ, ಅರಿಶಿನ ಮತ್ತು ಬಿಸಿ ಪಾತ್ರೆ ಇವು ನಾಲ್ಕು ಶತ್ರುಗಳು. ತೇಗವು ತೇವವನ್ನು ಚೆನ್ನಾಗಿ ತಡೆಯುತ್ತದೆ, ಬೆಲೆ ಹೆಚ್ಚು. ಸಂಸ್ಕರಿಸಿದ ರಬ್ಬರ್ ಮರ ಅಗ್ಗ, ಆದರೆ ನೀರು ನಿಲ್ಲಲು ಬಿಡಬಾರದು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಅಂಚಿನೊಳಗೆ ನೀರು ಇಳಿದರೆ ಅದು ಉಬ್ಬುತ್ತದೆ, ಮತ್ತೆ ಸರಿಹೋಗದು. ಪ್ಲೈವುಡ್ಡಾದರೆ ಸಾಧಾರಣ ಬಳಕೆಯ ಐ.ಎಸ್. 303ರ ಬದಲು ನೀರನ್ನು ತಡೆಯುವ ಐ.ಎಸ್. 710 ಗುರುತಿನದನ್ನು ಕೇಳಿ. ಗ್ರಾನೈಟ್ ಮೇಲ್ಮೈ ಕಲೆ, ಬಿಸಿ ಎರಡನ್ನೂ ತಾಳುತ್ತದೆಯಾದರೂ ತೂಕ ಬಹಳ. ಕೂಟದ ದಿನ ಸರಿಸಬೇಕಾದ ಮೇಜಿಗೆ ಅದು ತಕ್ಕದ್ದಲ್ಲ. ಹಿಗ್ಗುವ ಮೇಜಿನ ಜಾರುಪಟ್ಟಿಯನ್ನು ಅಂಗಡಿಯಲ್ಲೇ ನಾಲ್ಕಾರು ಸಲ ಎಳೆದು ನೋಡಬೇಕು. ಒಬ್ಬರೇ ತೆರೆಯಲಾಗದ ಮೇಜನ್ನು ಮನೆಯಲ್ಲಿ ಯಾರೂ ತೆರೆಯುವುದಿಲ್ಲ.

ಕೂಟದ ದಿನದ ಏರ್ಪಾಡು

ಇಪ್ಪತ್ತು ಜನ ಬರುವ ಮನೆಯಲ್ಲಿ ಎಂಟು ಜನರ ಮೇಜಿದ್ದರೂ ಹನ್ನೆರಡು ಮಂದಿ ಕಾಯಲೇಬೇಕು. ದೊಡ್ಡ ಕೂಟಗಳಲ್ಲಿ ನಮ್ಮ ಜನ ಮೇಜಿನ ಸುತ್ತ ಕೂರುವುದೇ ಕಡಿಮೆ. ಹಬ್ಬದೂಟಕ್ಕೆ ಹಜಾರದಲ್ಲಿ ಪಂಕ್ತಿ ಹಾಕುತ್ತಾರೆ. ಇಫ್ತಾರ್‌ಗೆ ನೆಲದ ಮೇಲೆ ದಸ್ತರ್‌ಖಾನ್ ಹಾಸುತ್ತಾರೆ. ಉಳಿದ ಕಡೆ ಅತಿಥಿಗಳೇ ಬಡಿಸಿಕೊಳ್ಳುವ ಬಫೆ. ಈ ಮೂರರಲ್ಲೂ ಅಡುಗೆಮನೆಯ ಮೇಜು ಪಾತ್ರೆಗಳನ್ನು ಜೋಡಿಸುವ ಸ್ಥಳ. ಅದಕ್ಕೆ 4 ಅಡಿ ಉದ್ದವೇ ಸಾಕು. ಮಂಡಿ ಮಡಿಸಲಾಗದ ಹಿರಿಯರಿಗೆ ಮೇಜಿನ ಸ್ಥಾನವನ್ನು ಮೊದಲು ಮೀಸಲಿಡುವುದು ಮರ್ಯಾದೆಯೂ ಹೌದು, ಅನುಕೂಲವೂ ಹೌದು.

ಖಾತೆಯಲ್ಲಿ ಮೇಜು

ಇನ್ನು ವೃತ್ತಿಯ ಮಾತು. ಅತಿಥಿಗಳಲ್ಲಿ ಗಿರಾಕಿಗಳೂ ಇದ್ದರೆಂಬ ಕಾರಣದಿಂದ ಮನೆಯ ಮೇಜು ವ್ಯಾಪಾರದ ಆಸ್ತಿಯಾಗುವುದಿಲ್ಲ. ಜಿಎಸ್‌ಟಿ ಕಾಯಿದೆಯ 17(5)ನೇ ಪ್ರಕರಣದ (ಜಿ) ಖಂಡದ ಪ್ರಕಾರ ವೈಯಕ್ತಿಕ ಬಳಕೆಯ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ಸಿಗದು. ಕಕ್ಷಿದಾರರೊಬ್ಬರು ಮನೆಯ ಮೇಜನ್ನು ‘ಕಚೇರಿ ಪೀಠೋಪಕರಣ’ ಎಂದು ಬರೆದು ಜಮೆ ಪಡೆದಿದ್ದರು. ಬಿಲ್ಲಿನಲ್ಲಿ ತಲುಪಿಸುವ ವಿಳಾಸ ಮಾತ್ರ ಮನೆಯದಾಗಿತ್ತು. ಪರಿಶೀಲನೆಯಲ್ಲಿ ಅದು ನಿಲ್ಲಲಿಲ್ಲ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ ರೂ. 10,800 ಜಮೆಯನ್ನು ಪಡೆದು ಬಳಸಿ, ಎರಡು ವರ್ಷಗಳ ನಂತರ ಹಿಂದಿರುಗಿಸುವವರು ಶೇ. 18ರ ದರದಲ್ಲಿ ರೂ. 3,888 ಬಡ್ಡಿ ತೆರಬೇಕಾಗುತ್ತದೆ. ದಂಡದ ಭಯ ಬೇರೆ.

ಸಂಸ್ಥೆಯ ಹಣದಿಂದಲೇ ಕೊಂಡಿದ್ದರೆ ಮಾಲೀಕರ ಅಥವಾ ಪಾಲುದಾರರ ಡ್ರಾಯಿಂಗ್ಸ್ ಖಾತೆಗೆ ಪೂರ್ತಿ ಮೊತ್ತವನ್ನು ಖರ್ಚು ಹಾಕಿ. ಪೀಠೋಪಕರಣ ತಯಾರಕರು ತಮ್ಮ ದಾಸ್ತಾನಿನಿಂದಲೇ ಒಂದು ಮೇಜನ್ನು ಮನೆಗೆ ಒಯ್ದರೆ ಅದಕ್ಕೆ ಸಂಬಂಧಿಸಿದ ಜಮೆಯನ್ನು ಹಿಂತಿರುಗಿಸಬೇಕು. ಆದರೆ ಕಾರ್ಖಾನೆಯಲ್ಲಿ ಕೆಲಸಗಾರರು ಊಟ ಮಾಡಲು ಕೊಂಡ ಮೇಜು ವ್ಯಾಪಾರದ ಆಸ್ತಿ. ಅದಕ್ಕೆ ಆದಾಯ ತೆರಿಗೆಯಲ್ಲಿ ಶೇ. 10ರ ಸವಕಳಿ ದೊರೆಯುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ.

ತೆರಿಗೆಯ ದರದಲ್ಲಿಯೂ ಆಯ್ಕೆಯುಂಟು. ಮರದ ಪೀಠೋಪಕರಣಕ್ಕೆ 2017ರ ಜುಲೈಯಲ್ಲಿ ಶೇ. 28 ಇದ್ದ ದರ ಅದೇ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಪೂರ್ಣವಾಗಿ ಬಿದಿರು ಅಥವಾ ಬೆತ್ತದಿಂದ ಮಾಡಿದ ಪೀಠೋಪಕರಣಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5ರ ದರ ಜಾರಿಗೆ ಬಂದಿತು. ‘ಪೂರ್ಣವಾಗಿ’ ಎಂಬ ಪದವನ್ನು ತಯಾರಕರು ಲಕ್ಷ್ಯದಲ್ಲಿಡಬೇಕು.

ತಯಾರಕರಿಗೆ ಒಂದು ಸೂಚನೆ

ಸಿದ್ಧ ಮೇಜುಗಳನ್ನು ಮಾರುವ ದೊಡ್ಡ ಸಂಸ್ಥೆಗಳು ಗಿರಾಕಿಯ ಮೂಲೆಯ ಅಳತೆಗೆ ತಕ್ಕಂತೆ ಎರಡು ಅಂಗುಲ ಕಡಿಮೆ ಮಾಡಿ ಕೊಡುವುದು ಕಷ್ಟ. ಸಣ್ಣ ಕಾರ್ಯಾಗಾರಕ್ಕೆ ಇದು ಸುಲಭ. ಮನೆಗೆ ಹೋಗಿ ಅಳತೆ ತೆಗೆದುಕೊಳ್ಳುವುದು, ಲಿಫ್ಟಿನಲ್ಲಿ ಒಯ್ಯಲು ಬರುವಂತೆ ಕಾಲುಗಳನ್ನು ಬಿಚ್ಚಿ ಜೋಡಿಸುವಂತೆ ಮಾಡುವುದು, ಹೆಚ್ಚುವರಿ ಹಲಗೆಯನ್ನು ಮೇಜಿನ ಕೆಳಗೇ ಇಡಲು ಅವಕಾಶ ಕಲ್ಪಿಸುವುದು ಇವೇ ಅವರ ಬಂಡವಾಳ.

ನಮ್ಮ ಹೊಸ ಮೇಜು ಬಂದ ದಿನ ತಾಯಿಯವರು ಊರುಗೋಲನ್ನು ಗೋಡೆಗೆ ಒರಗಿಸಿ, ಯಾರ ನೆರವೂ ಇಲ್ಲದೆ ಹೊರಬದಿಯ ಕುರ್ಚಿಯಲ್ಲಿ ಕುಳಿತರು. ನಾನು ಹಾಕಿದ ಎಲ್ಲ ಲೆಕ್ಕಗಳಿಗೆ ಅಂದೇ ತಾಳೆ ಸಿಕ್ಕಿತು. ವಾಚಕರು ಮುಂದಿನ ಹಬ್ಬಕ್ಕೆ ಮುನ್ನ ಮೊದಲು ತಮ್ಮ ಮನೆಯ ಮೂಲೆಯನ್ನು ಅಳೆಯಲಿ, ಆಮೇಲೆ ಅತಿಥಿಗಳನ್ನು ಎಣಿಸಲಿ ಎಂದು ವಿನಂತಿಸುತ್ತೇನೆ.